ಆಲ್ಪ್ಸ್ ಹತ್ತಿದ ಗಂಧ

ಎಂಬತ್ತರ ದಶಕದಲ್ಲಿ ಹಂಪನಕಟ್ಟೆಯ ಹೋಟೆಲ್ ಮಾಲೀಕರ ಮಗ, ನನ್ನ ಗೆಳೆಯ, ಸ್ನೇಹಿತರೊಂದಿಗೆ ಯುರೋಪ್ ಸುತ್ತಲು ಹೊರಟ. ಅಲ್ಲಿ ಉದ್ದ ಮೂತಿಯ ಕೆಂಪು ಕಾರೊಂದು ಬಾಡಿಗೆಗೆ ಗೊತ್ತು ಮಾಡಿಯಾಗಿತ್ತು. ಪೂಜೆಯಿಲ್ಲದೆ ಚಕ್ರ ಉರುಳಬಾರದೆಂದು ಅವನ ಅಮ್ಮ ನಮ್ಮ ದೇವಸ್ಥಾನಕ್ಕೆ ಬಂದರು. ಅಂದು ಅರ್ಚಕರಾದ ಅಪ್ಪನ ಬದಲು ಪೂಜೆಗೆ ನಾನಿದ್ದೆ.

"ಕಾರು ಎಲ್ಲಿ ಉಂಟು?" ಎಂದೆ.

"ಜರ್ಮನಿಯಲ್ಲಿ. ಫೋಟೋ ತಂದಿದ್ದೇನೆ ಭಟ್ರೇ, ಇದಕ್ಕೇ ಮಾಡಿ."

ಫೋಟೋದ ಚಕ್ರಗಳ ಬುಡಕ್ಕೆ ನಿಂಬೆಹಣ್ಣು ಇಟ್ಟೆ, ಕಾಯಿ ಒಡೆದೆ. ಕಾರಿಗೆ ಹಚ್ಚಲೆಂದು ಬಾಳೆಎಲೆಯಲ್ಲಿ ಗಂಧ ಕಟ್ಟಿಕೊಟ್ಟೆ. ನನ್ನ ಹೊಟ್ಟೆ ಅಂದಿನಿಂದಲೇ ಉರಿಯುತ್ತಿತ್ತು.

ತಿರುಗಿ ಬಂದವನು ಹೋಟೆಲಿನ ಮೇಜಿನ ಮೇಲೆ ಫೋಟೋಗಳನ್ನು ಹರಡಿದ. ಹಿಂದೆ ಹಿಮದ ಬೆಟ್ಟ, ಮುಂದೆ ಕಪ್ಪು ಕನ್ನಡಕ ತೊಟ್ಟ ಮಹಾರಾಯರು, ಕಾರಿನ ಬಾನೆಟ್ಟಿನ ಮೇಲೆ ನಾನು ಕೊಟ್ಟ ಗಂಧ.

"ನಿನ್ನ ಪೂಜೆ ಎಂತ ಪವರ್ ಮಾರಾಯ! ಒಂದು ಪಂಕ್ಚರ್ ಕೂಡ ಆಗಲಿಲ್ಲ."

ಒಂದಾದರೂ ಆಗಬಾರದಿತ್ತೇ!

ಮನೆಗೆ ಹೊರಟಾಗ ಸಿಟಿ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ನಂತೂರಿನಲ್ಲಿ ಲಾರಿಯ ಹೊಗೆ ನೇರ ಮುಖಕ್ಕೇ ಬಡಿಯಿತು. ನಾನು ತೇದ ಗಂಧ ಆಲ್ಪ್ಸ್ ಹತ್ತಿ ಇಳಿದಿತ್ತು. ತೇದವನು ಬಜಪೆಯ ವಿಮಾನ ನಿಲ್ದಾಣವನ್ನು ಇನ್ನೂ ಬೇಲಿಯ ಹೊರಗಿನಿಂದಲೇ ನೋಡಿದ್ದ.