ವಿಂಟ್ರೊ ಹಾಕಿಕೊಂಡು ಬಸ್ರೂರಿಗೆ

ಮೊಣಕಾಲಿನ ಆಪರೇಷನ್ ಆದಮೇಲೆ ಮನೆಯೊಳಗೂ ಶೂ ಬಿಚ್ಚಬಾರದು, ಬಗ್ಗಲೂಬಾರದು ಎಂದರು ಫಿಸಿಯೋ. ಸೊಸೆ ಬ್ರಹ್ಮಾವರದ ಕೆಲಸಕ್ಕೆ ಹೊರಡುವ ಮೊದಲು ನನ್ನ ಕಾಲಿಗೆ ಶೂ ತೊಡಿಸಿ, ಲೇಸಿಗೆ ಡಬಲ್ ಗಂಟು ಬಿಗಿಯುತ್ತಾಳೆ. ಸಂಜೆ ಅವಳೇ ಬಂದು ಬಿಚ್ಚಬೇಕು. ಅಲ್ಲಿಯವರೆಗೆ ಐ ಆ್ಯಮ್ ಎ ಪ್ರಿಸನರ್. ಅಡುಗೆಮನೆಯ ಹೊಸ್ತಿಲು ದಾಟಲೂ ಮನಸ್ಸು ಬರುವುದಿಲ್ಲ.

ಕಾನ್ವೆಂಟಿನಲ್ಲಿ ಸಿಸ್ಟರ್ ಇಂಥದ್ದಕ್ಕೆ ಕ್ಯಾನ್ವಾಸ್ ಶೂಸ್ ಎಂದು ಹೇಳಿಸುತ್ತಿದ್ದರು. ಈಗ ಎಲ್ಲರ ಬಾಯಲ್ಲೂ ವಿಂಟ್ರೊ. ಅದು ಯಾವುದೋ ಸ್ಪೋರ್ಟ್ಸ್ ಕಂಪೆನಿಯ ಹೆಸರು. ಮುಂಬಯಿಯ ಹೋಟೆಲುಗಳಿಂದ ರಜೆಗೆ ಬಂದವರ ಕಾಲೇರಿ ಊರಿಗೆ ಬಂತು. ನನ್ನದು ಬೇರೆಯೇ ಕಂಪೆನಿಯದು, ಕುಂದಾಪುರದ ಅಂಗಡಿಯಲ್ಲಿ ಕೊಂಡದ್ದು. ಯಾರಿಗೆ ಬೇಕು ಆ ವ್ಯತ್ಯಾಸ?

"ಎಂತ ಅಮ್ಮ, ಈ ಪ್ರಾಯದಗೆ ವಿಂಟ್ರೊ ಹಾಕಿ ಎಲ್ಲಿಗ್ ಓಡುದ್?" ಎಂದಳು ಮೀನು ಮಾರುವವಳು. ಜೊತೆಯವಳಿಗೆ ಕೊಂಕಣಿಯಲ್ಲಿ ಹೇಳಿ ನಕ್ಕಾಗಲೂ ವಿಂಟ್ರೊ. ಪಕ್ಕದ ಮನೆಗೆ ಟೈಲ್ಸ್ ಹಾಕಲು ಬಂದವರ ಹಿಂದಿಯಲ್ಲೂ ವಿಂಟ್ರೊ. ಆ ಹೆಸರು ಎಲ್ಲ ಕಡೆ ತಿರುಗಾಡುತ್ತಿತ್ತು, ನಾನು ಮಾತ್ರ ಜಗಲಿಯಲ್ಲಿ.

ಬಸ್ರೂರಿನಲ್ಲಿ ನನ್ನ ಶಾಲೆಯ ಗೆಳತಿ ಹಾಸಿಗೆ ಹಿಡಿದಿದ್ದಳು. ಅವಳ ಪಕ್ಕದಲ್ಲಿ ಒಂದು ಗಳಿಗೆ ಕೂರಬೇಕು, ಕೈ ಹಿಡಿಯಬೇಕು, ಅಷ್ಟೇ ಆಸೆ. ಒಂದು ಬೆಳಿಗ್ಗೆ ಸೊಸೆ ಹೋದಮೇಲೆ ರಿಕ್ಷಾ ಕರೆಸಿ ಹೊರಟೇಬಿಟ್ಟೆ.

ಅಲ್ಲಿ ಮೆಟ್ಟಿಲ ಬಳಿ ನಿಂತಾಗಲೇ ಹೊಳೆದದ್ದು: ಬಿಚ್ಚುವವರು ಯಾರು? ಮನೆಯಲ್ಲಿದ್ದವರು ಗೆಳತಿಯ ಅತ್ತಿಗೆ ಒಬ್ಬರೇ, ಅವರಿಗೂ ಸೊಂಟ ನೋವು.

"ಬನಿ ಅಕ್ಕ, ಅಡ್ಡಿಲ್ಲೆ. ಚಪ್ಲಿ ಆರೆ ಬೇಡ ಅಂಬುದ್, ಇದ್ ವಿಂಟ್ರೊ ಅಲ್ದಾ" ಎಂದರು ಅವರು.

ಗೆಳತಿಯ ಕೋಣೆಗೆ ದೇವರ ಕೋಣೆಯ ಎದುರಿನಿಂದಲೇ ಹೋಗಬೇಕು. ನಂದಾದೀಪ ಉರಿಯುವುದು ಕಾಣುತ್ತಿತ್ತು. ಅವರು ಒಪ್ಪಿದರೂ ನನ್ನ ಕಾಲು ಏಳಲಿಲ್ಲ. ಗೋಡೆ ಹಿಡಿದುಕೊಂಡು ಅಂಗಳ ಸುತ್ತಿ ಅವಳ ಕಿಟಕಿಗೆ ಬಂದೆ.

"ಹೆಣೆ, ಕಳ್ಳಿ ಹಾಂಗೆ ಕಿಟ್ಕಿಯಗೆ ಎಂತಕ್ ಇಣ್ಕುದ್?" ಎಂದಳು ಮಲಗಿದಲ್ಲಿಂದಲೇ.

ಕಂಬಿಯ ನಡುವೆ ಕೈ ತೂರಿಸಿದೆ. ಅವಳೂ ಚಾಚಿದಳು. ಮಂಚ ದೂರವಿತ್ತು.

"ಅತ್ಗೆ, ಮಂಚ ಈಚಿಗ್ ಎಳುಕ್ ಆತ್ತಾ?" ಎಂದು ಅವಳು ಕೇಳಿದಳು.

ಅತ್ತಿಗೆ ಎಳೆದು ನೋಡಿದರು. ಮಂಚ ಅಲುಗಲಿಲ್ಲ.