ಮುಷ್ಟಿಯಳತೆಯ ನೂಲು

ಖಾದರ್ ಸಾಬ್ರೇ, ನಾನು ನಿಮಗೆ ಸುಳ್ಳು ಹೇಳಿದ್ದೆ. ನೀವು ನೂಲು ಸುತ್ತಿಕೊಟ್ಟ ಆ ಹೃದಯದ ಕವಚವನ್ನು ನಿಮ್ಮ ಹೆಂಡತಿ ಜುಬೇದಾ ಬೀಯವರಿಗೆ ತೊಡಿಸುವ ಮಾತೇ ಇರಲಿಲ್ಲ — ಅದು ನನಗೆ ಮೊದಲ ದಿನದಿಂದಲೂ ಗೊತ್ತಿತ್ತು.

ನಾಲ್ಕು ವರ್ಷವಾಯಿತು. ಮುದ್ದೇನಹಳ್ಳಿ ಹತ್ತಿರದ ನಮ್ಮ ಪ್ರಯೋಗಾಲಯದಲ್ಲಿ, ಸೋತ ಹೃದಯಕ್ಕೆ ಹೊರಗಿನಿಂದ ತೊಡಿಸುವ ಮೆತ್ತನೆಯ ರಬ್ಬರ್ ಕವಚ ಮಾಡುತ್ತಿದ್ದೆವು. ಅದರ ಕೊಳವೆಗಳಿಗೆ ಗಾಳಿ ತುಂಬಿದರೆ ಅದು ಹೃದಯವನ್ನು ಹಿಂಡಬೇಕು, ಬಿಟ್ಟರೆ ಸಡಿಲಾಗಬೇಕು. ನಮ್ಮದು ಬಲೂನಿನಂತೆ ಉಬ್ಬುತ್ತಿತ್ತೇ ಹೊರತು ಹಿಂಡುತ್ತಿರಲಿಲ್ಲ. ಕೊಳವೆಯ ಮೇಲೆ ನೂಲನ್ನು ಓರೆಯಾಗಿ, ಒಂದೇ ಬಿಗಿಯಲ್ಲಿ ಸುತ್ತಬೇಕಿತ್ತು. ಇಷ್ಟೆಲ್ಲ ಓದಿದ ನನ್ನ ಕೈಗೆ ಅದು ಬರಲಿಲ್ಲ. ಶಿಡ್ಲಘಟ್ಟದಲ್ಲಿ ಒಂದು ಆಯುಷ್ಯವೆಲ್ಲ ರೇಷ್ಮೆ ನೂಲು ಬಿಚ್ಚಿದ ನಿಮ್ಮನ್ನು ಹುಡುಕಿಕೊಂಡು ಬಂದೆ. ನಾನು ಸುತ್ತಿದ್ದನ್ನು ನೋಡಿ ನಕ್ಕಿರಿ.

"ಓದಿದ ಕೈ ಅಲ್ವೇನಮ್ಮ, ನೂಲು ಹೆದರ್ಕೊಂಡೈತೆ."

ಆಗಲೇ ಜುಬೇದಾ ಬೀಯವರಿಗೆ ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಬೆಂಗಳೂರಿನ ಡಾಕ್ಟರು ಎದೆಯೊಳಗೆ ಯಂತ್ರ ಕೂರಿಸಬೇಕು ಅಂದಿದ್ದರು. "ಒಳಗಡೆ ಕಬ್ಬಿಣ ಯಾಕಮ್ಮ? ನಿಮ್ದು ಮೆತ್ತಗೈತೆ," ಅಂದಿರಿ. ಆ ಕ್ಷಣ ಹೇಳಬೇಕಿತ್ತು — ಇದು ಇನ್ನೂ ನೀರು ತುಂಬಿದ ರಬ್ಬರ್ ಹೃದಯದ ಮೇಲಷ್ಟೇ ಓಡುತ್ತಿದೆ, ಮನುಷ್ಯರವರೆಗೆ ಬರಲು ಎಷ್ಟು ವರ್ಷವೋ, ನೀವು ಡಾಕ್ಟರ ಮಾತು ಕೇಳಿ ಎಂದು. ಹೇಳದೆ ಮುಂದಿನ ಕೊಳವೆಯನ್ನು ನಿಮ್ಮ ಕೈಗಿತ್ತೆ. ಹೇಳಿದರೆ ನೀವು ಬರುವುದನ್ನು ಬಿಟ್ಟರೆ... ನಿಮ್ಮ ಕೈ ನನಗೆ ಬೇಕಿತ್ತು.

ನೀವು ಸುತ್ತಿದ ಕವಚ ಮೊದಲ ಸಲ ಸರಿಯಾಗಿ ಹಿಂಡಿದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಿಮ್ಮ ಕಸುಬಿನಲ್ಲಿ ಮಾದರಿ ಒಪ್ಪಿಗೆಯಾದರೆ ಮುಗಿಯಿತು, ಮಾಲು ಹೊರಡುತ್ತದೆ. ನೀವು ಹಾಗೆಯೇ ತಿಳಿದಿರಿ. ಮರುದಿನ ಜೇಬಿನಿಂದ ಎರಡು ಗಂಟು ಹಾಕಿದ ಒಂದು ರೇಷ್ಮೆ ನೂಲು ತೆಗೆದು ಮೇಜಿನ ಮೇಲಿಟ್ಟಿರಿ.

"ಹೃದಯ ಅವರವರ ಮುಷ್ಟಿಯಷ್ಟು ಇರತ್ತೆ ಅಂತ ನೀವೇ ಹೇಳಿದ್ರಲ್ಲಮ್ಮ. ಜುಬೇದಾಗೆ ಮುಷ್ಟಿ ಹಿಡಿಯೇ ಅಂದೆ, ನಗ್ತಾ ಹಿಡಿದ್ಲು. ಅಳತೆ ತಂದಿದೀನಿ."

ಸೋತ ಹೃದಯ ಊದಿಕೊಂಡಿರುತ್ತದೆ, ಮುಷ್ಟಿಯಷ್ಟಿರುವುದಿಲ್ಲ — ಅದನ್ನಾದರೂ ಹೇಳಬಹುದಿತ್ತು. ನಾನು ನೂಲನ್ನು ಕೈಗೆ ತೆಗೆದುಕೊಂಡೆ. "ಸರಿ ಸಾಬ್ರೇ, ಈ ಅಳತೆಗೇ ಮಾಡೋಣ," ಅಂದೆ.

ಆ ಒಂದು ಮಾತು ನಂಬಿ ನೀವು ಆಪರೇಷನ್ ಬೇಡವೆಂದಿರಿ. ಜುಬೇದಾ ಬೀಯವರು ಎಂಟು ತಿಂಗಳು ಕಾದರು, ರಂಜಾನ್ ಮುಗಿದ ವಾರ ಹೋಗಿಬಿಟ್ಟರು. ಯಂತ್ರ ಕೂರಿಸಿದ್ದರೆ ಉಳಿಯುತ್ತಿದ್ದರೋ ಏನೋ, ಗೊತ್ತಿಲ್ಲ. ಆ 'ಗೊತ್ತಿಲ್ಲ'ದ ಹಿಂದೆ ಇಷ್ಟು ವರ್ಷ ಅಡಗಿಕೊಂಡಿದ್ದೆ.

ಮಣ್ಣಿನ ದಿನ ನಾನು ನಿಮ್ಮ ಮನೆಗೆ ಬಂದಿದ್ದಾಗ ನೀವು ನನ್ನ ಕೈ ಹಿಡಿದುಕೊಂಡು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ನಂದೇ ತಪ್ಪಮ್ಮ. ಇನ್ನೂ ಬೇಗ ಸುತ್ಬೇಕಾಗಿತ್ತು. ಕೈ ನಿಧಾನ ಆಗೋಯ್ತು." ಸುತ್ತ ಇದ್ದವರೆಲ್ಲ ನಿಮ್ಮನ್ನು ಸಮಾಧಾನ ಮಾಡಿದರು. ಸಮಾಧಾನ ಮಾಡಬಲ್ಲ ಒಂದೇ ಮಾತು ನನ್ನಲ್ಲಿತ್ತು, ಅದನ್ನು ಇಟ್ಟುಕೊಂಡು ಎದ್ದು ಬಂದೆ. ಮೊದಲನೆಯ ಸುಳ್ಳಿಗಿಂತ ಇದು ದೊಡ್ಡ ತಪ್ಪು.

ಹೋದ ತಿಂಗಳು ಚಿಂತಾಮಣಿಯಲ್ಲಿ, ಮುರುಗಮಲ್ಲದ ದರ್ಗಾಕ್ಕೆ ಹೋಗುವ ಬಸ್ಸಿಗೆ ಕಾಯುತ್ತಿದ್ದ ನೀವು ಸಿಕ್ಕಿದಿರಿ. "ಅದನ್ನ ಆಮೇಲೆ ಯಾರಿಗಾದ್ರೂ ಹಾಕಿದ್ರೇನಮ್ಮ?" ಎಂದು ಕೇಳಿದಿರಿ. ಕೇಳುತ್ತಲೇ ನಿಮ್ಮ ಬೆರಳುಗಳನ್ನು ನೋಡಿಕೊಂಡಿರಿ. ನನ್ನ ಬಸ್ಸು ಬಂತೆಂದು ಓಡಿದೆ. ಬಸ್ಸು ಬಂದಿರಲಿಲ್ಲ.

ನಿಮಗೆ ಕನ್ನಡ ಓದಲು ಬರುವುದಿಲ್ಲ, ಬಲ್ಲೆ. ನಿಮ್ಮ ಮುಖ ನೋಡಿದ ಮೇಲೆ ಮಾತು ಮೆತ್ತಗೆ ಮಾಡಿಕೊಳ್ಳಬಾರದೆಂದು ಬರೆದಿಟ್ಟುಕೊಂಡಿದ್ದೇನೆ. ಶುಕ್ರವಾರ ನೀವು ನಮಾಜು ಮುಗಿಸಿ ಮನೆಗೆ ಬರುವ ಹೊತ್ತಿಗೆ ಬರುತ್ತೇನೆ. ಜುಬೇದಾ ಬೀಯವರ ಮುಷ್ಟಿಯ ಅಳತೆ ನನ್ನ ಡ್ರಾಯರಿನಲ್ಲೇ ಇದೆ, ಗಂಟು ಬಿಚ್ಚಿಲ್ಲ. ತಂದು ನಿಮಗೇ ಕೊಡುತ್ತೇನೆ. ಇದನ್ನು ಒಂದಕ್ಷರ ಬಿಡದೆ ಓದುತ್ತೇನೆ. ಎದ್ದು ಹೋಗು ಅಂದರೆ ಹೋಗುತ್ತೇನೆ — ಆದರೆ ಅದಕ್ಕೆ ಮುಂಚೆ ಇದೊಂದನ್ನು ಕೇಳಿಸಿಕೊಳ್ಳಿ.

ನಿಮ್ಮ ಕೈ ನಿಧಾನವಾಗಿರಲಿಲ್ಲ, ಸಾಬ್ರೇ.