ರಾಹುಕಾಲ ಕಳೆದ ಮೇಲೆ ಒತ್ತಿದ ಅರ್ಜಿ

ಆ ಶುಕ್ರವಾರ ಮಧ್ಯಾಹ್ನ ಅರಸೀಕೆರೆಯ ಆಫೀಸಿನಲ್ಲಿ ಊಟದ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದೆ. ಬೇಲೂರಿನ ಸೈಬರ್ ಅಂಗಡಿಯಿಂದ ಅಕ್ಕನ ಫೋನು ಬಂತು.

"ನಿನ್ ಪೋರ್ಟಲ್ಲು ನನ್ ಮಗಳನ್ನ ಆಚೆಗೆ ತಳ್ತಾ ಐತೆ ಕಣೇ."

ಅಕ್ಕನನ್ನು ಕೊಟ್ಟಿರುವುದು ಗೆಂಡೆಹಳ್ಳಿಗೆ. ಅವಳ ಮಗಳು ನರ್ಸಿಂಗ್ ಸೀಟಿಗೆ ಅರ್ಜಿ ಹಾಕಲು ಅಂದೇ ಕೊನೆಯ ದಿನ, ಅದೂ ಸಂಜೆ ಐದರವರೆಗೆ ಮಾತ್ರ. ಹಿಂದಿನ ವರ್ಷ ಟೈಫಾಯ್ಡ್ ಬಂದು ಹುಡುಗಿ ಅವಕಾಶ ಕಳೆದುಕೊಂಡಿದ್ದಳು. ಈ ಸಲವೂ ತಪ್ಪಿದರೆ ಹಾಸನದ ಗಾರ್ಮೆಂಟ್ಸ್ ವ್ಯಾನು ಹತ್ತಿಸುವುದೆಂದು ಭಾವ ಹೇಳಿಬಿಟ್ಟಿದ್ದರು. ಭಾವ ಒಂದು ಸಲ ಹೇಳಿದರೆ ಮತ್ತೆ ಮಾತಿಲ್ಲ. ಆ ನರ್ಸಿಂಗ್ ಕಾಲೇಜಿಗೆ ಅರ್ಜಿ ತುಂಬುವ ಪೋರ್ಟಲ್ ನೋಡಿಕೊಳ್ಳುವುದೇ ನನ್ನ ಕೆಲಸ. ಯಾರೋ ಜಾವಾದಲ್ಲಿ ಕೋಡ್ ಬರೆದು, ಇನ್ಯಾರೋ ತಿದ್ದಿ, ಇಬ್ಬರೂ ಕೆಲಸ ಬಿಟ್ಟು ಹೋದ ಮೇಲೆ ಅದು ನನ್ನ ಕೊರಳಿಗೆ ಬಿದ್ದಿತ್ತು.

ನಾನೇ ಒಂದು ಪರೀಕ್ಷೆಯ ಅರ್ಜಿ ತುಂಬಿ ನೋಡಿದೆ. ಸಲೀಸಾಗಿ ಹೋಯಿತು.

"ಅಂಗಡಿಯವರ ನೆಟ್ ಸರಿಯಿಲ್ಲ ಬಿಡು," ಎಂದು ರೇಗಿದೆ.

"ಇಲ್ಲಿ ಎಲ್ರುದೂ ಹಂಗೇ ಆಗೈತೆ. ಮೊದ್ಲಿಂದ ತುಂಬಕ್ಕೋದ್ರೆ, ನಿಮ್ಮ ಅರ್ಜಿ ಆಗ್ಲೇ ಐತೆ ಅಂತ ತೋರುಸ್ತದೆ. ಎಲ್ಲೈತೆ? ನೀನೇ ಹುಡ್ಕು."

ಹುಡುಕಲು ಕೂತೆ. ಹೊರಗಿನಿಂದ ಬರುವ ಪ್ರತಿ ರಿಕ್ವೆಸ್ಟನ್ನೂ ಮೊದಲು ಬಾಗಿಲಲ್ಲಿ ಫಿಲ್ಟರ್ ತಡೆದು, ನೀನು ಯಾರು ಎಂದು ಕೇಳುತ್ತದೆ. ಒಳಗೆ ಬಿಟ್ಟರೆ ಅದು ಯಾವ ಪುಟಕ್ಕೆ ಹೋಗಬೇಕೆಂದು ಹೇಳುವ ನಿಯಮಗಳು ಸಾಲಾಗಿರುತ್ತವೆ. ಸರ್ವರ್ ಅವನ್ನು ಮೇಲಿನಿಂದ ಓದುತ್ತಾ ಬಂದು, ಮೊದಲು ಹೊಂದಿದ ನಿಯಮದ ದಾರಿಗೆ ರಿಕ್ವೆಸ್ಟನ್ನು ತಿರುಗಿಸುತ್ತದೆ. ಜಂಕ್ಷನ್ ಊರಿನವಳಿಗೆ ಇದೇನು ಹೊಸದಲ್ಲ, ಹಳಿ ಎತ್ತ ತಿರುಗಿದೆಯೋ ರೈಲು ಅತ್ತ. ಆದರೆ ನಮ್ಮ ಪೋರ್ಟಲಿನಲ್ಲಿ ಅರ್ಧ ನಿಯಮ ಒಂದು ಫೈಲಿನಲ್ಲಿ, ಇನ್ನರ್ಧ ಮತ್ತೊಂದರಲ್ಲಿ. ಬರೆದವರಿಗೆ ಮನಸಾರೆ ಶಾಪ ಹಾಕುತ್ತಾ ಒಂದೊಂದೇ ಓದಿದೆ.

ಬಂದದ್ದು ಹೋದದ್ದನ್ನೆಲ್ಲ ಬರೆದಿಡುವ ಸರ್ವರಿನ ಲಾಗ್ ತೆರೆದು ನೋಡಿದೆ. ಬೇಲೂರು, ಹಳೇಬೀಡು, ಅರೇಹಳ್ಳಿ ಕಡೆಯ ಅರ್ಜಿಗಳು ಹನ್ನೆರಡು ದಾಟಿದ ಕೂಡಲೇ ಗುಂಪಾಗಿ ಬಂದು, ಗುಂಪಾಗಿಯೇ ಬಾಗಿಲಿನಿಂದ ವಾಪಸಾಗಿದ್ದವು. ಸರ್ವರ್ ಮೇಲೆ ಭಾರ ಹೆಚ್ಚಾಯಿತೇ? ಇಲ್ಲ. ನೆಟ್ ಹೋಗಿತ್ತೇ? ಇಲ್ಲ. ನಡುವೆ ಅಕ್ಕ ಮತ್ತೆ ಮತ್ತೆ ಫೋನ್ ಮಾಡುತ್ತಿದ್ದಳು, ಹಿಂದಿನಿಂದ ಹುಡುಗಿಯ ಅಳು ಕೇಳುತ್ತಿತ್ತು. ಓದಿದ್ದನ್ನೇ ಓದುತ್ತಿದ್ದೆ, ತಲೆಗೆ ಒಂದೂ ಹೋಗುತ್ತಿರಲಿಲ್ಲ. ಡಬ್ಬಿಯ ಚಿತ್ರಾನ್ನ ಹಾಗೇ ಒಣಗಿತು. ಮೂರು ಗಂಟೆ ಆಗುವಾಗ ನನಗೂ ಅಳು ಬಂತು. ಸ್ವಂತ ಅಕ್ಕನ ಮಗಳನ್ನು ದಾಟಿಸಲಾಗದವಳು ಇಷ್ಟು ವರ್ಷ ಇಲ್ಲಿ ಕೂತು ಏನು ಕಡಿದು ಗುಡ್ಡೆ ಹಾಕಿದೆ?

"ಅಕ್ಕ, ನೀವು ತುಂಬೋಕೆ ಕೂತಿದ್ದು ಎಷ್ಟೊತ್ತಿಗೆ? ಸರಿಯಾಗಿ ಹೇಳು."

"ಬೆಳಗ್ಗೇನೇ ಬಂದು, ಹತ್ತೂವರೆ ದಾಟೋ ಹೊತ್ಗೆ ಎಲ್ಲ ತುಂಬಿಟ್ಟಿದ್ವಲ್ಲ."

"ಹಂಗಾದ್ರೆ ಒತ್ತಿದ್ದು ಹನ್ನೆರಡಕ್ಕೆ ಯಾಕೆ?"

"ಶುಕ್ರವಾರ ಅಲ್ವೇನೇ? ರಾಹುಕಾಲದಾಗೆ ಯಾರಾನ ಅರ್ಜಿ ಕಳುಸ್ತಾರಾ? ಅಂಗ್ಡಿ ತುಂಬಾ ಎಲ್ರೂ ಹಂಗೇ ಕುಂತಿದ್ವು."

ತಲೆ ಚಚ್ಚಿಕೊಳ್ಳಬೇಕೆನಿಸಿತು. ಅರ್ಧ ಗಂಟೆ ಏನೂ ಒತ್ತದೆ ಸುಮ್ಮನೆ ಕೂತವರನ್ನು ಫಿಲ್ಟರ್ ಮರೆತುಬಿಡುತ್ತದೆ. ರಾಹುಕಾಲ ಮುಗಿಸಿ ಒತ್ತಿದಾಗ ಅದಕ್ಕೆ ಇವರ ಗುರುತೇ ಇರಲಿಲ್ಲ. ನಾನು ತುಂಬಿದ ಕೂಡಲೇ ಒತ್ತಿದ್ದರಿಂದ ನನ್ನದು ದಾಟಿತ್ತು. ಇವರು ಎರಡನೇ ಸಲ ಬಂದರೆ ಒಳಗಿನ ನಿಯಮ, ಈ ನಂಬರಿನ ಅರ್ಜಿ ಶುರುವಾಗಿದೆ ಎಂದಷ್ಟೇ ನೋಡಿ, ಮುಗಿದಿದೆಯೇ ಎಂದು ನೋಡದೆ, ವಾಪಸ್ ಕಳಿಸುತ್ತಿತ್ತು. ಒಂದು ಬಾಗಿಲು ಆಚೆ ಹೋಗು ಅನ್ನುವುದು, ಇನ್ನೊಂದು ನೀನು ಒಳಗೇ ಇದ್ದೀಯಲ್ಲ ಅನ್ನುವುದು.

ಅರ್ಧಕ್ಕೆ ನಿಂತ ಅರ್ಜಿಗಳು ಮತ್ತೆ ತುಂಬುವ ಪುಟಕ್ಕೇ ಹೋಗುವಂತೆ ಆ ನಿಯಮ ತಿದ್ದಿದೆ. ಸರ್ವರನ್ನು ನಿಲ್ಲಿಸಿ ಮತ್ತೆ ಶುರು ಮಾಡಬೇಕಿತ್ತು. ಏಳದೇ ಹೋದರೆ ಎಲ್ಲರ ಕಥೆಯೂ ಮುಗಿದಂತೆ. ಸುಳ್ಳು ಯಾಕೆ ಹೇಳಲಿ, ಗುಂಡಿ ಒತ್ತುವ ಮುಂಚೆ ನನ್ನ ಕಣ್ಣೂ ಗೋಡೆಯ ಕ್ಯಾಲೆಂಡರಿನತ್ತ ಹೋಯಿತು. ಯಮಗಂಡಕಾಲ. ಮನೆದೇವರಿಗೆ ಕೈಮುಗಿದು ಒತ್ತಿದೆ.

ಸರ್ವರ್ ಎದ್ದಿತು. ಅಕ್ಕನಿಗೆ ಹೇಳಿ ಮತ್ತೆ ತುಂಬಿಸಿದೆ.

"ಆಯ್ತಾ? ಈಗ್ಲೇ ಒತ್ಸು."

ಅಕ್ಕ ದನಿ ಸಣ್ಣದು ಮಾಡಿದಳು, "ಯಮಗಂಡ ಐತಂತಲ್ಲೇ. ನಾಕೂವರೆಗೆ ಮುಗೀತದಂತೆ. ಅಲ್ಲೀಗಂಟ..."

"ಅಕ್ಕಾ!" ಎಂದು ನಾನು ಕಿರುಚಿದ್ದಕ್ಕೆ ಇಡೀ ಆಫೀಸು ತಿರುಗಿ ನೋಡಿತು. ಇನ್ನರ್ಧ ಗಂಟೆ ಕೂತರೆ ಮತ್ತೆ ಆಚೆಗೇ ಎಂದು ಬೇಡಿದೆ, ಬೈದೆ, ಅಮ್ಮನ ಆಣೆ ಹಾಕಿದೆ. ಅಕ್ಕ ಕ್ಯಾಲೆಂಡರು ಬಿಟ್ಟು ಅಲುಗಲಿಲ್ಲ. ಅಷ್ಟರಲ್ಲಿ ನನ್ನ ಪರದೆಯ ಮೇಲೆ ಲಾಗ್ ಸರಿಯಿತು. ಬೇಲೂರಿನ ಕಡೆಯ ಒಂದು ರಿಕ್ವೆಸ್ಟ್ ಬಾಗಿಲು ದಾಟಿತು, ನಿಯಮ ದಾಟಿತು, ಅರ್ಜಿ ಸೇರಿತು. ನಂಬರು ನೋಡಿದೆ. ನಮ್ಮ ಹುಡುಗಿಯದೇ.

ಫೋನಿನಲ್ಲಿ ಅಕ್ಕ ಇನ್ನೂ, "ಒಂದ್ ಗಳಿಗೆ ತಡ್ಕೊಳೇ," ಅನ್ನುತ್ತಲೇ ಇದ್ದಳು. ಅವಳ ಹಿಂದಿನಿಂದ, ಅತ್ತು ಅತ್ತು ಒಡೆದ ದನಿ ಕೇಳಿಸಿತು.

"ಚಿಕ್ಕಮ್ಮ, ನಾನ್ ಒತ್ಬುಟ್ಟೆ."